ಗಂಡಾ, ಹೆಣ್ಣಾ? ಮುತ್ತೋಡಿ ಕಾಡಂಚಿನಲ್ಲಿ ಕಡವೆ ಹೆಜ್ಜೆ ಹಿಂದೆ ನಾಲ್ಕು ದಿನ

ಮೊದಲನೇ ದಿನ, ಶುಕ್ರವಾರ

ಹಾಸನದಲ್ಲಿ ಊಟ ಮುಗಿಸಿ ಹೊರಟವನು ಬೇಲೂರಲ್ಲಿ ಒಂದು ಟೀಗೆ ನಿಲ್ಲಿಸಿದ್ದು ಬಿಟ್ಟರೆ ಎಲ್ಲೂ ಇಳಿಯಲಿಲ್ಲ. ಚಿಕ್ಕಮಗಳೂರು ದಾಟಿ ಮಲ್ಲಂದೂರು ರಸ್ತೆಗೆ ಬಿದ್ದ ಮೇಲೆ ಕಾರಿನ ಎಸಿ ಆರಿಸಿ ಕಿಟಕಿ ಇಳಿಸಿದೆ. ಮಾವನ ತೋಟ ಇರೋದು ಮುತ್ತೋಡಿ ಕಡೆಗೆ. ತೋಟದ ಕೊನೆಗೆ ಬೇಲಿ, ಬೇಲಿ ಆದಮೇಲೆ ಒಂದು ಹಳ್ಳ, ಹಳ್ಳದಾಚೆ ಭದ್ರಾ ಅಭಯಾರಣ್ಯ. ಚಿಕ್ಕವನಿದ್ದಾಗಿಂದ ಹೋಗ್ತಾ ಇರೋ ಜಾಗವೇ. ಆದರೆ ಅಲ್ಲಿ ನೆಲ ನೋಡಿಕೊಂಡು ನಾಲ್ಕು ದಿನ ಕಳೆದದ್ದು ಇದೇ ಮೊದಲು.

ರೊಬಸ್ಟಾ ಕೊಯ್ಲು ಮುಗಿದಿತ್ತು. ಕಣದಲ್ಲಿ ಕೊನೇ ಚೆರ್ರಿ ಒಣಗುತ್ತಿತ್ತು. ಹೂವಿಗೆ ಅಂತ ಗಿಡಕ್ಕೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಯೋ ಕಾಲ. ಇಡೀ ಊರು ಧೂಳಾಗಿದ್ದರೂ ಪೈಪ್ ಹಾಕಿದ ಕಡೆ ಮಾತ್ರ ಮಳೆ ಬಂದ ಹಾಗೆ. ಸಂಜೆ ಕಾಫಿ ಕುಡಿದು, ಮಾವನ ಮೊಮ್ಮಗಳು ಪುಟ್ಟಿಯನ್ನು ಕರೆದುಕೊಂಡು ತೋಟದ ರಸ್ತೆಯಲ್ಲಿ ಹೊರಟೆ. ಅವಳು ಆರನೇ ಕ್ಲಾಸು. ಬಾಯಿ ಒಂದು ನಿಮಿಷ ಸುಮ್ನಿರಲ್ಲ.

ಒದ್ದೆ ರಸ್ತೆಯ ನಡುವೆ ಅವಳೇ ಮೊದಲು ನೋಡಿದ್ದು. ಕಾಫಿ ಬೀಜವನ್ನು ಎರಡು ಹೋಳು ಮಾಡಿ ಪಕ್ಕಪಕ್ಕ ಇಟ್ಟ ಹಾಗೆ ಒಂದು ಗೊರಸಿನ ಗುರುತು. ಮುಂದಕ್ಕೆ ಚೂಪು, ಹಿಂದಕ್ಕೆ ದುಂಡು. ಅದರ ಹಿಂದೆ ಎರಡು ಚಿಕ್ಕ ಚುಕ್ಕೆ.

"ಮಾಮ, ಇದು ಕಡವೇದು ಅಲ್ವಾ? ಗಂಡಾ ಹೆಣ್ಣಾ?"

ಗೊತ್ತಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. "ಗಂಡು. ಎಷ್ಟು ದೊಡ್ಡದಿದೆ ನೋಡು. ಆಮೇಲೆ ಹಿಂದೆ ಎರಡು ಚುಕ್ಕೆ ಬಿದ್ದಿದೆಯಲ್ಲ, ಅದು ಭಾರ ಇರೋ ಗಂಡಿಗೆ ಮಾತ್ರ ಬೀಳೋದು" ಅಂತ ಎಲ್ಲೋ ಓದಿದ್ದನ್ನು ಹೇಳಿಬಿಟ್ಟೆ.

ಪಕ್ಕದಲ್ಲೇ ಪೈಪ್ ಬಿಚ್ಚುತ್ತಿದ್ದ ಅಜ್ಜ ನಕ್ಕರು. ಅವರು ತೋಟದ ಹಳೇ ಮೇಸ್ತ್ರಿ. ವಯಸ್ಸು ಎಪ್ಪತ್ತು ದಾಟಿದೆ, ಕೆಲಸ ಬಿಡಿ ಅಂದರೆ ಬಿಡಲ್ಲ. ತೋಟದಲ್ಲಿ ಮಾವನೂ ಸೇರಿ ಎಲ್ಲರಿಗೂ ಅವರು ಅಜ್ಜನೇ. "ಆ ಚುಕ್ಕೆ ಹೆಣ್ಣಿಗೂ ಬೀಳ್ತದೆ ಮಾರಾಯ್ರೆ. ಕೆಸರಿಗೆ ಗಂಡು ಹೆಣ್ಣು ಅಂತ ಉಂಟಾ?"

ಪುಟ್ಟಿಗೆ ಅಷ್ಟು ಸಾಕಾಯಿತು. ಗಂಡಾದರೆ ಅವಳು ನನಗೆ ಒಂದು ವಾರ ಎದುರು ಮಾತಾಡಬಾರದು, ಹೆಣ್ಣಾದರೆ ನಾನು ದೊಡ್ಡ ಚಾಕೊಲೇಟ್ ಕೊಡಬೇಕು ಅಂತ ಪಣ ಆಯಿತು. ತೀರ್ಪು ಅಜ್ಜನದು, ನಾಳೆ ಬೆಳಿಗ್ಗೆ. ಗುರುತಿನ ಮೇಲೆ ಯಾರೂ ಕಾಲಿಡದ ಹಾಗೆ ಸುತ್ತ ನಾಲ್ಕು ಕಲ್ಲಿಟ್ಟು ಬಂದೆವು.

ರಾತ್ರಿ ಹಳ್ಳದ ಕಡೆಯಿಂದ ಕಡವೆ ಎರಡು ಸಲ ಢಾಂಕ್ ಅಂತ ಕೂಗಿತು. ಹುಲಿಯೋ ಚಿರತೆಯೋ ವಾಸನೆ ಸಿಕ್ಕಿರಬೇಕು ಅಂದರು ಮಾವ, ಮಗ್ಗುಲು ಬದಲಿಸಿ ಮಲಗಿದರು. ನನಗೆ ನಿದ್ದೆ ಬರಲು ಹೊತ್ತಾಯಿತು.

ಎರಡನೇ ದಿನ, ಶನಿವಾರ

ಆರು ಗಂಟೆಗೆ ಅಜ್ಜ ಬಾಗಿಲಲ್ಲಿ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಟವೆಲ್. ಅತ್ತೆ ನಮ್ಮ ಮೂವರ ಕಾಲಿಗೂ ಡೆಪಾ ಎಣ್ಣೆ ಹಚ್ಚಿಸಿದರು. ಈ ಕಾಲದಲ್ಲಿ ಉಣುಗು ಜಾಸ್ತಿ. ಮಂಗನ ಕಾಯಿಲೆ ಹರಡೋದು ಅದರಿಂದಲೇ ಆದ್ದರಿಂದ ಮಲೆನಾಡಿನ ಅಮ್ಮಂದಿರು ಇದರಲ್ಲಿ ರಿಯಾಯಿತಿ ಕೊಡಲ್ಲ. ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ: ನಾವು ಓಡಾಡಿದ್ದೆಲ್ಲ ಮಾವನ ತೋಟದೊಳಗೆ, ಹಳ್ಳದ ಈಚೆ. ಆಚೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ.

ಮೊದಲು ಕಲ್ಲಿಟ್ಟ ಜಾಗಕ್ಕೆ. ಅಜ್ಜ ಕುಕ್ಕರುಗಾಲಲ್ಲಿ ಕೂತು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಒಂದು ಹುಲ್ಲುಕಡ್ಡಿ ಮುರಿದು ಗುರುತಿನ ಅಂಚಿನ ಮೇಲೆ ನಿಧಾನಕ್ಕೆ ಎಳೆದರು. ಆಗ ಕಾಣಿಸಿತು. ತುದಿಯಲ್ಲಿ ಒಂದಲ್ಲ, ಎರಡು ಅಂಚು. ಒಂದರ ಮೇಲೊಂದು ಬಿದ್ದ ಎರಡು ಗುರುತು!

ಜಿಂಕೆ ಜಾತಿಯವು ನಿಧಾನಕ್ಕೆ ನಡೆಯುವಾಗ ಮುಂಗಾಲು ಎತ್ತಿದ ಜಾಗದಲ್ಲೇ ಹಿಂಗಾಲು ಇಡುತ್ತವೆ. ಸರಿಯಾಗಿ ಒಂದರ ಮೇಲೊಂದು ಬಿದ್ದರೆ ಗೊತ್ತೇ ಆಗಲ್ಲ. ಒಂದು ಬೆರಳಷ್ಟು ಮುಂದೆ ಬಿದ್ದರೆ ಎರಡೂ ಸೇರಿ ಉದ್ದದ ಒಂದೇ ಹೆಜ್ಜೆಯ ಹಾಗೆ ಕಾಣುತ್ತದೆ. ನಿನ್ನೆ ನನಗೆ ದೊಡ್ಡ ಗಂಡಿನ ಹಾಗೆ ಕಂಡದ್ದು ಇದೇ. ಜೇಬಿನ ಟೇಪು ತೆಗೆದು ಅಳೆದೆ. ಒಟ್ಟು 9 ಸೆಂಟಿಮೀಟರ್ ಮೇಲೆ. ಮೇಲಿನದ್ದನ್ನು ಮಾತ್ರ ಅಳೆದರೆ 7.

ಗುರುತು ಯಾವಾಗಿನದು ಅಂತಲೂ ಅಜ್ಜ ಹೇಳಿದರು, ಅದು ನನಗೆ ಬಹಳ ಹಿಡಿಸಿತು. ಸುತ್ತಲಿನ ಮಣ್ಣಿನ ಮೇಲೆ ಸ್ಪ್ರಿಂಕ್ಲರ್ ಹನಿ ಬಿದ್ದ ಸಣ್ಣ ಸಣ್ಣ ಗುಳಿ, ಸಾಸಿವೆ ಚೆಲ್ಲಿದ ಹಾಗೆ. ಗೊರಸಿನ ಒಳಗೆ ಒಂದೂ ಗುಳಿ ಇಲ್ಲ. ಅಂದರೆ ನೀರು ನಿಲ್ಲಿಸಿದ ಮೇಲೆ ದಾಟಿದ್ದು. ನಿನ್ನೆ ಪಂಪು ನಿಂತದ್ದು ನಾಲ್ಕಕ್ಕೆ, ನಾವು ನೋಡಿದ್ದು ಐದೂವರೆಗೆ. ಅಷ್ಟರೊಳಗೆ, ಹಗಲು ಹೊತ್ತಲ್ಲೇ, ಕಡವೆ ರಸ್ತೆ ದಾಟಿತ್ತು!

"ಸರಿ, ಗಂಡಾ ಹೆಣ್ಣಾ?" ಪುಟ್ಟಿಗೆ ಚಾಕೊಲೇಟಿನದ್ದೇ ಚಿಂತೆ.

"ಒಂದು ಹೆಜ್ಜೆ ನೋಡಿ ಹೇಳೋನು ಸುಳ್ಳ. ಸಾಲು ನೋಡ್ಬೇಕು ಮಗ."

ಸಾಲು ಹಿಡಿದು ಹಿಂದಕ್ಕೆ ಹೋದೆವು. ಅದು ಕೆರೆ ಕಡೆಯಿಂದ ಬಂದಿತ್ತು. ಪಂಪು ಹೊಡೆದೂ ಹೊಡೆದೂ ಕೆರೆ ನೀರು ಇಳಿದು ಅಂಚಿನಲ್ಲಿ ಎರಡು ಮಾರು ಅಗಲ ಕೆಸರು ಬಿಟ್ಟಿತ್ತು. ಅಲ್ಲಿ ನೋಡಿದರೆ ಸಂತೆ! ಕಾಟಿಯ, ಅಂದರೆ ಕಾಡುಕೋಣದ, ದಪ್ಪ ದುಂಡು ಗೊರಸು, ಊಟದ ತಟ್ಟೆ ಒತ್ತಿದ ಹಾಗೆ. ಕಾಡುಹಂದಿಯದ್ದು ಕಡವೆಯ ಹಾಗೇ ಕಂಡರೂ ಹಿಂದಿನ ಎರಡು ಚುಕ್ಕೆ ಗೊರಸಿಗಿಂತ ಆಚೀಚೆ ಅಗಲಕ್ಕೆ ಬಿದ್ದಿರುತ್ತವೆ, ಗಟ್ಟಿ ನೆಲದಲ್ಲೂ ಬೀಳುತ್ತವೆ. ಚುಕ್ಕೆ ಜಿಂಕೆಯ ಗೊರಸು ಐದೂವರೆ ಸೆಂಟಿಮೀಟರ್. ಕಾಡುಕುರಿ ಅಂದರೆ ಬೊಗಳುವ ಸಣ್ಣ ಜಿಂಕೆ, ಅದರದ್ದು ಮೂರು, ಎರಡು ಹುಣಸೆ ಬೀಜ ನೆಟ್ಟ ಹಾಗೆ. ಕಾಡುಕುರಿಯಲ್ಲಿ ಗಂಡು ಹೆಣ್ಣು ಹೇಳೋಕೆ ಅಜ್ಜ ಪ್ರಯತ್ನವನ್ನೇ ಮಾಡಲಿಲ್ಲ.

ಆ ಚುಕ್ಕೆ ಅಂದರೆ ಏನು? ಗೊರಸಿನ ಹಿಂದೆ ಸ್ವಲ್ಪ ಮೇಲಕ್ಕೆ ಎರಡು ಮೋಟು ಬೆರಳಿರುತ್ತವೆ. ಹಸು, ಎಮ್ಮೆಯಲ್ಲೂ ನೋಡಿರುತ್ತೀರಿ. ಗಟ್ಟಿ ನೆಲದ ಮೇಲೆ ಅವು ನೆಲ ಮುಟ್ಟಲ್ಲ. ಕಾಲು ಹೂತರೆ, ಜಿಗಿದರೆ, ಓಡಿದರೆ ಮುಟ್ಟುತ್ತವೆ. ಗಂಡು ಭಾರ ಜಾಸ್ತಿ ಆದ್ದರಿಂದ ಅದಕ್ಕೆ ಬೇಗ ಬೀಳುತ್ತದೆ, ಅಷ್ಟು ಮಾತ್ರ ನಿಜ. ಕೆರೆ ಅಂಚಲ್ಲಿ ಮರಿಗೂ ಬಿದ್ದಿತ್ತು. ನನ್ನ ಮೊದಲ ಸಾಕ್ಷಿ ಅಲ್ಲಿಗೆ ಹೋಯಿತು.

ಎರಡನೇ ಸಾಕ್ಷಿ ಗಾತ್ರ. ಬೆಳೆದ ಗಂಡು ಕಡವೆ 225ರಿಂದ 320 ಕಿಲೋ ತೂಗುತ್ತದೆ. ಹೆಣ್ಣು 100ರಿಂದ 200ರ ಆಸುಪಾಸು. ಅಷ್ಟು ವ್ಯತ್ಯಾಸ ಇದ್ದರೆ ಗೊರಸು ನೋಡಿದ ತಕ್ಷಣ ಗೊತ್ತಾಗಬೇಕಲ್ವಾ? ಪೂರ್ತಿ ಬೆಳೆದ ಗಂಡಾದರೆ ಆಗಬಹುದು. ಆದರೆ ಎರಡು ವರ್ಷದ ಗಂಡು, ದೊಡ್ಡ ಹೆಣ್ಣು ಎರಡರ ಹೆಜ್ಜೆಯೂ ಒಂದೇ ಅಳತೆ. ಕೆಸರು ಇನ್ನೊಂದು ಮೋಸ, ಕಾಲು ಜಾರಿದರೆ ಗುರುತು ಹಿಗ್ಗುತ್ತದೆ. ಇಳಿಜಾರಿನಲ್ಲಿ ಎರಡು ಗೊರಸೂ ಅಗಲಕ್ಕೆ ಬಿಚ್ಚಿಕೊಳ್ಳುತ್ತವೆ. ತುದಿ ಮೊಂಡಾಗಿದ್ದರೆ ಗಂಡು, ಚೂಪಿದ್ದರೆ ಹೆಣ್ಣು ಅಂತ ಇನ್ನೊಂದು ಮಾತು ಕೇಳಿದ್ದೆ. ಅಜ್ಜ ಅದನ್ನು ಅರ್ಧ ಒಪ್ಪಿದರು. ವಯಸ್ಸಾದ ಭಾರದ ಗಂಡಿಗೆ ತುದಿ ಸವೆಯುತ್ತದೆ, ಆದರೆ ಕಲ್ಲುಗುಡ್ಡದಲ್ಲಿ ಮೇಯುವ ಹೆಣ್ಣಿಗೂ ಸವೆಯುತ್ತದೆ.

ಹಾಗಾದರೆ ಸಾಲಿನಲ್ಲಿ ಏನು ನೋಡಬೇಕು? ಇಲ್ಲಿ ಅಜ್ಜ ತಾವೇ ನಡೆದು ತೋರಿಸಿದರು, ನಾಲ್ಕು ಕಾಲಲ್ಲಿ. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಗಂಡಿಗೆ ಎದೆ ಅಗಲ, ಕುತ್ತಿಗೆ ದಪ್ಪ, ಮೇಲೆ ಕೊಂಬಿನ ಭಾರ. ಸೊಂಟದ ಕಡೆ ಸಣ್ಣ. ಹಾಗಾಗಿ ಮುಂಗಾಲು ಅಗಲಕ್ಕೆ ಬೀಳುತ್ತದೆ, ಹಿಂಗಾಲಿನ ಗುರುತು ಅದಕ್ಕಿಂತ ಒಂದೆಳೆ ಒಳಗೆ ಬೀಳುತ್ತದೆ. ಹೆಣ್ಣಿಗೆ ಸೊಂಟ ಅಗಲ, ಮರಿ ಹಾಕಬೇಕಲ್ಲ. ಅದರ ಹಿಂಗಾಲು ಮುಂಗಾಲಿನ ಗುರುತಿಗಿಂತ ಸ್ವಲ್ಪ ಹೊರಗೆ ಬೀಳುತ್ತದೆ, ಗಬ್ಬ ಇದ್ದರೆ ಇನ್ನೂ ಹೊರಗೆ. ಭಾರದ ಹಳೇ ಗಂಡಾದರೆ ಹಿಂಗಾಲು ಮುಂಗಾಲಿನ ಗುರುತನ್ನು ಮುಟ್ಟದೆ ಸ್ವಲ್ಪ ಹಿಂದೆಯೇ ಉಳಿಯುವುದೂ ಉಂಟು. ಇದನ್ನೆಲ್ಲ ನಿಧಾನಕ್ಕೆ, ಸಮ ನೆಲದ ಮೇಲೆ ನಡೆದ ಸಾಲಿನಲ್ಲಿ ಮಾತ್ರ ನೋಡಬೇಕು. ಒಂದು ಜೊತೆ ಸಾಲದು, ಹತ್ತು ಹದಿನೈದು ಜೊತೆ ನೋಡಬೇಕು. ಓಡಿದ ಹೆಜ್ಜೆ ದಂಡ.

ಮುಂಗಾಲು ಯಾವುದು, ಹಿಂಗಾಲು ಯಾವುದು ಅಂತ ಮೊದಲು ಗೊತ್ತಾಗಬೇಕು. ಮುಂಗಾಲಿನ ಗೊರಸು ದೊಡ್ಡದು, ಅಗಲ. ಒಂದರ ಮೇಲೊಂದು ಬಿದ್ದಾಗ ಮೇಲಿರೋದು ಹಿಂಗಾಲಿನದು. ಇದನ್ನು ತಿಳಿಯೋಕೆ ನನಗೆ ಅರ್ಧ ಗಂಟೆ ಹಿಡಿಯಿತು. ಪುಟ್ಟಿಗೆ ಐದು ನಿಮಿಷ.

ನಮ್ಮ ಸಾಲಿನಲ್ಲಿ ಹದಿನಾಲ್ಕು ಜೊತೆ ಎಣಿಸಿದೆವು. ಹತ್ತರಲ್ಲಿ ಹಿಂಗಾಲು ಹೊರಗೆ. ಎರಡರಲ್ಲಿ ಸರಿಯಾಗಿ ಮೇಲೆ. ಇನ್ನೆರಡು ಕಲಸಿಹೋಗಿತ್ತು. ನನ್ನ ಮುಖ ಸಣ್ಣಗಾಗುತ್ತಿತ್ತು. ಆದರೂ ಅಜ್ಜ ತೀರ್ಪು ಕೊಡಲಿಲ್ಲ. ಕೆರೆಯಿಂದ ಇಪ್ಪತ್ತು ಹೆಜ್ಜೆ ದೂರ, ಸಿಲ್ವರ್ ಮರದ ಬುಡದಲ್ಲಿ ನಿಂತು, "ಇಲ್ಲಿ ಬನ್ನಿ, ಇಲ್ಲಿ ಉಂಟು ರುಜು" ಅಂದರು.

ಕಡವೆ ಅಲ್ಲಿ ನಿಂತಿತ್ತು. ನಾಲ್ಕು ಕಾಲಿನ ಗುರುತೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಬಿದ್ದಿದ್ದವು. ಹಿಂಗಾಲಿನ ಎರಡು ಗುರುತಿನ ಹಿಂದೆ, ಮುಷ್ಟಿ ಅಗಲದ ಒಂದು ಗುಳಿ. ಧೂಳು ಅಲ್ಲಿ ಹೆಪ್ಪುಗಟ್ಟಿ ಅಂಚು ಕಟ್ಟಿತ್ತು. ಅಜ್ಜ ಒಂದು ಚಿಟಿಕೆ ಮಣ್ಣು ಎತ್ತಿ ಮೂಸಿ ನನ್ನ ಮೂಗಿಗೂ ಹಿಡಿದರು. ಉಚ್ಚೆ.

ಯೋಚನೆ ಮಾಡಿದರೆ ಎಷ್ಟು ಸುಲಭ ಅಲ್ವಾ? ಹಸು ಉಚ್ಚೆ ಹೊಯ್ದರೆ ಹಿಂದಕ್ಕೆ ಬೀಳುತ್ತದೆ, ಎತ್ತು ಹೊಯ್ದರೆ ಹೊಟ್ಟೆ ಕೆಳಗೆ. ಕಡವೆಯೂ ಅಷ್ಟೇ. ಗಂಡಾದರೆ ಹಿಂಗಾಲಿನ ಗುರುತಿಗಿಂತ ಮುಂದೆ, ನಾಲ್ಕು ಕಾಲಿನ ನಡುವೆ ಬೀಳಬೇಕು. ಹೆಣ್ಣಾದರೆ ಹಿಂಗಾಲಿನ ಹತ್ತಿರ ಅಥವಾ ಅದರ ಹಿಂದೆ. ಹಟ್ಟಿಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಬ್ಯಾಂಕಿನಲ್ಲಿ ಬೆಳೆದವನು.

ಅದೇ ಜಾಗದಲ್ಲಿ, ಒಂದು ಮೊಳ ಪಕ್ಕಕ್ಕೆ, ನಾಲ್ಕು ಸೆಂಟಿಮೀಟರಿನ ಪುಟ್ಟ ಗೊರಸು ತಿರುಗಾಡಿದ ಗುರುತು ಬೇರೆ ಇತ್ತು. ಮರಿ. ಅದನ್ನು ನೋಡಿದ ಮೇಲೆ ಪುಟ್ಟಿ ತೀರ್ಪಿಗೂ ಕಾಯಲಿಲ್ಲ, "ಮಾಮ, ದೊಡ್ಡ ಸೈಜು" ಅಂದಳು.

ಇದೆಲ್ಲ ಎಲ್ಲಿ ಕಲಿತಿರಿ ಅಂತ ಕೇಳಿದೆ. ಅಪ್ಪನಿಂದ, ಅಂದರು. ಅವರಪ್ಪ ಶಿಕಾರಿಗೆ ಹೋಗುವವರ ಜೊತೆ ದಾರಿ ತೋರಿಸಲು ಹೋಗುತ್ತಿದ್ದರಂತೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಶಿಕಾರಿ ನಿಂತಿತು. "ಕೋವಿ ಹೋಯ್ತು, ಕಣ್ಣು ಉಳೀತು" ಅಂದು ಎಲೆಡಿಕೆ ಚೀಲ ಬಿಚ್ಚಿದರು.

ವಾಪಸ್ ಬರುವಾಗ ಒಂದು ಮರದ ತೊಗಟೆ ಎದೆ ಎತ್ತರಕ್ಕೆ ಸುಲಿದಿತ್ತು. ಕೊಂಬು ತೀಡಿದ್ದು, ಅಂದರೆ ಖಂಡಿತ ಗಂಡು. ಆದರೆ ಗಾಯ ಪೂರ್ತಿ ಒಣಗಿತ್ತು. ಕಡವೆಗಳು ಬೆದೆಗೆ ಬರುವುದು ಚಳಿಗಾಲದ ಆರಂಭದಲ್ಲಿ, ಆವಾಗಿನದು ಇರಬೇಕು. ಅದನ್ನು ಕೆರೆ ಅಂಚಿನ ಹೊಸ ಹೆಜ್ಜೆಗೆ ಗಂಟು ಹಾಕುವ ಹಾಗಿಲ್ಲ.

ಮಧ್ಯಾಹ್ನ ಅಕ್ಕಿ ರೊಟ್ಟಿ, ಎಣ್ಣೆಗಾಯಿ. ಆಮೇಲೆ ಸಂಜೆವರೆಗೂ ನಿದ್ದೆ.

ಮೂರನೇ ದಿನ, ಭಾನುವಾರ

ಬೆಳಿಗ್ಗೆ ಮುತ್ತೋಡಿ ಸಫಾರಿ. ನಾನು, ಪುಟ್ಟಿ, ಜೀಪಿನಲ್ಲಿ ಬೆಂಗಳೂರಿನ ಒಂದು ಕುಟುಂಬ. ಅಭಯಾರಣ್ಯ ಅಂತ ಘೋಷಣೆ ಆಗಿದ್ದು 1974ರಲ್ಲಿ, ಹುಲಿ ಯೋಜನೆಗೆ ಸೇರಿದ್ದು 1998ರಲ್ಲಿ. ಒಳಗಿದ್ದ ಹಳ್ಳಿಗಳನ್ನು 2002ರ ಹೊತ್ತಿಗೆ ಹೊರಗೆ ಸ್ಥಳಾಂತರ ಮಾಡಿದರು. ಗದ್ದೆ ಇದ್ದ ಜಾಗ ಹುಲ್ಲಾಯಿತು, ಹುಲ್ಲಿಗೆ ಜಿಂಕೆ ಬಂತು.

ಸಫಾರಿಯಲ್ಲಿ ಜೀಪಿನಿಂದ ಇಳಿಯೋ ಹಾಗಿಲ್ಲ. ಹೀಗಾಗಿ ತಮಾಷೆ ನೋಡಿ: ತೋಟದಲ್ಲಿ ಹೆಜ್ಜೆ ಇತ್ತು, ಪ್ರಾಣಿ ಇರಲಿಲ್ಲ. ಇಲ್ಲಿ ಪ್ರಾಣಿ ಇತ್ತು, ಹೆಜ್ಜೆ ನೋಡೋಕೆ ಬಿಡಲ್ಲ. ತೇಗದ ಮರಗಳ ಕೆಳಗೆ ಇಪ್ಪತ್ತಕ್ಕೂ ಜಾಸ್ತಿ ಚುಕ್ಕೆ ಜಿಂಕೆ ನಿಂತಿದ್ದವು. ಹೆಣ್ಣು, ಮರಿಗಳೇ ಹೆಚ್ಚು. ಗಂಡು ಮೂರು, ಒಂದಕ್ಕೆ ಕೊಂಬಿನ ಮೇಲೆ ಇನ್ನೂ ಮಖಮಲ್ಲಿನ ಹಾಗೆ ಚರ್ಮ ಇತ್ತು. ಒಂದು ಹೆಣ್ಣು ಹಿಂಗಾಲು ಬಗ್ಗಿಸಿ ಕೂರುವ ಹಾಗೆ ಮಾಡಿ ಉಚ್ಚೆ ಹೊಯ್ಯಿತು. ನಾನೂ ಪುಟ್ಟಿಯೂ ಒಟ್ಟಿಗೆ "ಹಿಂದಕ್ಕೆ! ಹಿಂದಕ್ಕೆ!" ಅಂದೆವು. ಬೆಂಗಳೂರಿನವರು ಹುಲಿ ಅಂದುಕೊಂಡು ಕ್ಯಾಮೆರಾ ಹಿಂದಕ್ಕೆ ತಿರುಗಿಸಿದರು. ವಿಷಯ ಏನು ಅಂತ ಹೇಳೋ ಧೈರ್ಯ ನನಗೆ ಬರಲಿಲ್ಲ.

ಕೊಂಬು ಗಟ್ಟಿಯಾಗಿದ್ದ ಗಂಡೊಂದು ಹಿಂಗಾಲ ಮೇಲೆ ಎದ್ದು ನಿಂತು ಕೊಂಬೆಗೆ ಮುಖ ಉಜ್ಜಿತು. ಕಣ್ಣಿನ ಹತ್ತಿರ ಇರುವ ಗ್ರಂಥಿಯ ವಾಸನೆ ಕೊಂಬೆಗೆ ಅಂಟಿಸುವ ಕೆಲಸ ಅದು. ಹಾಗೆ ನಿಂತಾಗ ನೆಲದಲ್ಲಿ ಎರಡೇ ಹಿಂಗಾಲಿನ ಆಳವಾದ ಗುರುತು ಉಳಿಯುತ್ತದೆ. ಇದು ಗಂಡಿಗೆ ಒಳ್ಳೇ ಸಾಕ್ಷಿ ಅಂತ ಡೈರಿಯಲ್ಲಿ ಬರೆದೆ. ಹತ್ತು ನಿಮಿಷದ ಮೇಲೆ ಒಂದು ಹೆಣ್ಣು ಎಲೆ ತಿನ್ನೋಕೆ ಹಾಗೇ ಎದ್ದು ನಿಂತಿತು. ಬರೆದದ್ದು ಹೊಡೆದು ಹಾಕಿದೆ.

ದಾರಿ ಬದಿ ಮರಳಲ್ಲಿ ಹುಲಿ ಹೆಜ್ಜೆ ತೋರಿಸಿದರು, ಎಲ್ಲರೂ ಫೋಟೋ ತೆಗೆದರು. ನನಗೆ ಹಳೇ ಕಥೆ ನೆನಪಾಯಿತು. ಒಂದು ಕಾಲದಲ್ಲಿ ನಮ್ಮ ದೇಶದ ಹುಲಿ ಗಣತಿ ನಡೆಯುತ್ತಿದ್ದುದೇ ಹೆಜ್ಜೆ ನೋಡಿ. ಗಾಜಿನ ಮೇಲೆ ಗೆರೆ ಎಳೆದುಕೊಂಡು, ಇದು ಗಂಡು, ಇದು ಹೆಣ್ಣು, ಇದು ಇಂಥದ್ದೇ ಹುಲಿ ಅಂತ ಲೆಕ್ಕ ಹಾಕುತ್ತಿದ್ದರು. ಮೈಮೇಲಿನ ಪಟ್ಟೆ ನೋಡಿ ಕ್ಯಾಮೆರಾದಿಂದ ಎಣಿಸಬೇಕು ಅಂತ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ವರ್ಷಗಟ್ಟಲೆ ಹೇಳಿದರು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಅಂತ ಬಯಲಾದ ಮೇಲೆ ಹೆಜ್ಜೆ ಲೆಕ್ಕ ಕೈಬಿಟ್ಟರು. ಹುಲಿಯ ಕಥೆಯೇ ಹೀಗಾದರೆ, ಒದ್ದೆ ಮಣ್ಣಿನ ಒಂದು ಗೊರಸು ನೋಡಿ ಗಂಡು ಅಂದ ನನ್ನನ್ನು ಏನನ್ನಬೇಕು?

ಸಂಜೆ ಅಜ್ಜ ಒಂದು ಪರೀಕ್ಷೆ ಇಟ್ಟರು. ಹಳ್ಳದಿಂದ ತೋಟಕ್ಕೆ ಹತ್ತುವ ಕಾಲುದಾರಿಯಲ್ಲಿ ದರಗು ಗುಡಿಸಿ, ಹತ್ತು ಮಾರು ಉದ್ದಕ್ಕೆ ಮಣ್ಣು ಕೆರೆದು, ಜರಡಿ ಹಿಡಿದ ಮರಳು ಹರಡಿ ನೀರು ಚಿಮುಕಿಸಿದೆವು. ಮಾವ ಬಂದು ನೋಡಿ, "ಕಣ ಸಾರಿಸೋಕೆ ಕರೆದ್ರೆ ಯಾರೂ ಬರಲ್ಲ, ಇದಕ್ಕೆ ಬರ್ತೀರಿ" ಅಂದು ಹೋದರು.

ನಾಲ್ಕನೇ ದಿನ, ಸೋಮವಾರ

ಸ್ಕೂಲ್ ವ್ಯಾನ್ ಬರೋದಕ್ಕೆ ಮುಂಚೆ ನೋಡಬೇಕು ಅಂತ ಪುಟ್ಟಿಯೇ ನನ್ನನ್ನು ಎಬ್ಬಿಸಿದಳು. ಮರಳ ಮೇಲೆ ಒಂದು ಮುಳ್ಳುಹಂದಿ, ಒಂದು ಕಾಡುಕುರಿ. ಮತ್ತೆ ನಡುವಲ್ಲಿ, ನಿಧಾನಕ್ಕೆ ನಡೆದ ಒಂದೇ ಒಂದು ದೊಡ್ಡ ಕಡವೆ.

ಈ ಸಲ ಬಾಯಿ ಬಿಡುವ ಮುಂಚೆ ಮಂಡಿಯೂರಿ ಅಳೆದೆ. ಮುಂಗಾಲು 8.5. ಹಿಂಗಾಲು 7.5. ಹನ್ನೊಂದು ಜೊತೆಯಲ್ಲಿ ಎಂಟರಲ್ಲಿ ಹಿಂಗಾಲು ಒಳಗೆ. ಆರರಲ್ಲಿ ಒಂದು ಬೆರಳು ಹಿಂದೆ ಬೇರೆ ಉಳಿದಿತ್ತು. ತುದಿ ಮೊಂಡು. ಜೊತೆಗೆ ಮರಿ ಇಲ್ಲ, ಇನ್ನೊಂದು ಕಡವೆಯೂ ಇಲ್ಲ. ಉಚ್ಚೆ ಎಲ್ಲೂ ಸಿಗಲಿಲ್ಲ, ಹುಡುಕಿದೆ.

"ಗಂಡು ಇರಬೇಕು" ಅಂದೆ.

"ಇರಬೇಕು" ಅಂದರು ಅಜ್ಜ. ಅಷ್ಟೇ. ನನಗೆ ಸಾಲಲಿಲ್ಲ, ಖಾತ್ರಿನಾ ಅಂತ ಕೇಳಿದೆ. "ಕಣ್ಣಲ್ಲಿ ನೋಡಿದ್ರೆ ಖಾತ್ರಿ ಮಾರಾಯ್ರೆ. ಅದೂ ಬೇಸಿಗೇಲಿ ಕೊಂಬು ಉದುರಿಸಿಕೊಂಡು ನಿಂತಿದ್ದನ್ನ ನಾನೇ ಒಂದ್ಸಲ ಹೆಣ್ಣು ಅಂದಿದ್ದೆ. ನಮ್ಮಪ್ಪ ಬೈದಿದ್ದು ಈಗ್ಲೂ ಕಿವೀಲಿದೆ."

ವ್ಯಾನ್ ಹಾರ್ನ್ ಹೊಡೆಯಿತು. ನಾನು ಮಲ್ಲಂದೂರಿನಲ್ಲಿ ಚಾಕೊಲೇಟ್ ಕೊಂಡು, ಅತ್ತೆಗೆ ಕೊಡಿ ಅಂತ ತೋಟದ ಜೀಪಿನವರ ಕೈಲಿ ಕಳಿಸಿ, ಹಾಸನಕ್ಕೆ ಬಂದೆ.

ಎಂಟು ದಿನದ ಮೇಲೆ ಅತ್ತೆಯ ಫೋನಿನಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ನೀರು ಹೊಡೆದ ಕಡೆ ಕಾಫಿ ಹೂ ಬಿಟ್ಟು, ನೆಲದ ಮೇಲೂ ಬಿಳೀ ಎಸಳು ಉದುರಿತ್ತು. ನಡುವೆ ಕಡವೆಯ ನಾಲ್ಕು ಗೊರಸು, ಅಳತೆಗೆ ಅಂತ ಪಕ್ಕದಲ್ಲಿ ಒಂದು ಪೆನ್ಸಿಲ್. ಕೆಳಗೆ ಪುಟ್ಟಿ ಬರೆದಿದ್ದಳು: "ಮಾಮ, ಇದು ಹೆಣ್ಣು. ಗ್ಯಾರಂಟಿ. ಹೇಗೆ ಗೊತ್ತಾಯ್ತು ಅಂತ ಫೋನಲ್ಲಿ ಕೇಳಬೇಡಿ, ಅಮ್ಮ ಇಲ್ಲೇ ಇದ್ದಾರೆ."